ಹೆಪ್ಪುಗಟ್ಟಿದ ನೆಲ ಕರಗಿದರೆ ನದಿಗೇನಾಗುತ್ತದೆ?

(ಕೆಂಗೇರಿ ಉಪನಗರದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಉಪನಗರದವರಿಗೆಲ್ಲ ವೃಷಭಾವತಿಯ ಪರಿಚಯವಿದೆ. ಕಣ್ಣಿಗಿಂತ ಮೊದಲು ಮೂಗಿಗೆ ಆಗುವ ಪರಿಚಯ! ಮಕ್ಕಳು ಅದನ್ನು ಮೋರಿ ಎನ್ನುತ್ತಾರೆ. ಆದರೆ ಅದು ನದಿ. ನದಿಯೊಂದು ಹೇಗೆ ಕೆಡುತ್ತದೆ ಎಂಬುದನ್ನು ತಿಳಿಯಲು ಇಂದು ನಿಮ್ಮನ್ನು ಬಹುದೂರಕ್ಕೆ ಕರೆದೊಯ್ದು, ಮತ್ತೆ ಇಲ್ಲಿಗೇ ಕರೆತರುತ್ತೇನೆ.

ಅಲಾಸ್ಕಾ, ಕೆನಡಾ, ಸೈಬೀರಿಯಾಗಳ ಬಹುಭಾಗದಲ್ಲಿ ನೆಲದೊಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಕನಿಷ್ಠ 2 ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಸಾವಿರಾರು ವರ್ಷಗಳಿಂದ ಕರಗದ ನೆಲವೂ ಅಲ್ಲಿದೆ. ಬೇಸಿಗೆಯಲ್ಲಿ ಮೇಲ್ಪದರ ಮಾತ್ರ ಕರಗುತ್ತದೆ. ಕೆಳಗಿನ ಗಟ್ಟಿ ನೆಲ ಸಿಮೆಂಟ್ ಹಾಸಿದಂತೆ. ನೀರು ಆಳಕ್ಕಿಳಿಯದೆ ಮೇಲೆಯೇ ಹರಿದು ಹೊಳೆ ಸೇರುತ್ತದೆ.

ಈಗ ಭೂಮಿ ಬಿಸಿಯಾಗುತ್ತಿದೆ. ಉತ್ತರ ಧ್ರುವ ಪ್ರದೇಶವಂತೂ ಉಳಿದ ಜಗತ್ತಿಗಿಂತ ಬೇಗ ಬಿಸಿಯಾಗುತ್ತಿದೆ. ಆ ಸಿಮೆಂಟಿನಂಥ ನೆಲ ಕರಗತೊಡಗಿದೆ. ಮೊದಲು, ನೀರು ಆಳಕ್ಕೆ ಇಳಿದು ಅಂತರ್ಜಲವಾಗುತ್ತದೆ. ಚಳಿಗಾಲದಲ್ಲಿ ಸೊರಗಬೇಕಾದ ನದಿಗಳಲ್ಲೂ ಹರಿವು ಹೆಚ್ಚುತ್ತದೆ. ಎರಡನೆಯದಾಗಿ, ಮಣ್ಣನ್ನು ಬಿಗಿಹಿಡಿದಿದ್ದ ಮಂಜು ಕರಗಿ ದಂಡೆಗಳು ಕುಸಿಯುತ್ತವೆ, ನೀರು ರಾಡಿಯಾಗುತ್ತದೆ.

ಮೂರನೆಯದು ಅಚ್ಚರಿಯ ಸಂಗತಿ. ಅಲಾಸ್ಕಾದ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ 75 ಹೊಳೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುವುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅಲ್ಲಿ ಕಾರ್ಖಾನೆಗಳು ಕಾರಣವಲ್ಲ. ಕಬ್ಬಿಣ, ಗಂಧಕ ಸೇರಿದ ಖನಿಜಗಳು ಮಂಜಿನಲ್ಲಿ ಮುಚ್ಚಿಹೋಗಿದ್ದವು. ನೆಲ ಕರಗಿ ಅವುಗಳಿಗೆ ನೀರು, ಗಾಳಿ ತಗುಲಿದಾಗ ಆಮ್ಲ ಹುಟ್ಟಿತು, ಕಬ್ಬಿಣ ತುಕ್ಕಾಯಿತು, ಸತು, ನಿಕ್ಕೆಲ್, ತಾಮ್ರಗಳೂ ಹೊಳೆಗೆ ಇಳಿದವು. ಮೀನನ್ನೇ ನಂಬಿ ಬದುಕುವ ಅಲ್ಲಿನ ಜನರಿಗೆ ಇದು ಅನ್ನದ ಪ್ರಶ್ನೆ. ಭೂಮಿ ಬಿಸಿಯಾಗುವಷ್ಟು ಹೊಗೆ ಬಿಟ್ಟವರು ಆ ಜನರಲ್ಲ. ತಪ್ಪು ಒಬ್ಬರದು, ತೆರುವವರು ಇನ್ನೊಬ್ಬರು.

ಇದಲ್ಲದೆ, ವಾತಾವರಣದಲ್ಲಿ ಇರುವ ಇಂಗಾಲದ ಸುಮಾರು ಎರಡರಷ್ಟು ಆ ನೆಲದಲ್ಲಿ ಅಡಗಿದೆ. ಕರಗಿದಂತೆಲ್ಲ ಅದರಲ್ಲಿ ಒಂದು ಪಾಲು ನದಿಗೂ, ಒಂದು ಪಾಲು ಗಾಳಿಗೂ ಸೇರಿ ಬಿಸಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಬಂಧುಗಳೇ, ಇದರಿಂದ ಕಲಿಯಬೇಕಾದ ಪಾಠ ಒಂದೇ: ನೆಲದಲ್ಲಿ ಇರುವುದು ಒಂದಲ್ಲ ಒಂದು ದಿನ ನೀರಿಗೆ ಬರುತ್ತದೆ. ಅಲ್ಲಿ ನಿಸರ್ಗವೇ ಮುಚ್ಚಿಟ್ಟಿದ್ದನ್ನು ಬಿಸಿ ಹೊರತೆಗೆಯಿತು. ಇಲ್ಲಿ ನಾವೇ ಸುರಿಯುತ್ತಿದ್ದೇವೆ. ನಾವು ಕುಡಿಯುವುದು ಕಾವೇರಿಯ ನೀರು. ಬಳಸಿದ ನೀರು ವೃಷಭಾವತಿಯಾಗಿ, ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಹೋಗಿ, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಕೂಡುತ್ತದೆ. ನಡುವೆ ಆ ನೀರಿನಲ್ಲೇ ಬೆಳೆ ತೆಗೆಯುವ ರೈತರಿದ್ದಾರೆ.

ನಮ್ಮಲ್ಲಿ ಗ್ಯಾರೇಜ್, ಬ್ಯಾಟರಿ, ವೆಲ್ಡಿಂಗ್ ಕೆಲಸದಿಂದ ಹಲಾಲ್ ಸಂಪಾದನೆ ಮಾಡುವ ಸಹೋದರರು ಅನೇಕರಿದ್ದಾರೆ. ಅವರಲ್ಲಿ ನನ್ನ ಕೋರಿಕೆ: ಹಳೆಯ ಆಯಿಲ್, ಬ್ಯಾಟರಿಯ ಆಸಿಡ್ ಚರಂಡಿಗೆ ಸುರಿಯಬೇಡಿ. ಬೇರೆಯಾಗಿ ಕೂಡಿಟ್ಟು ಅದನ್ನು ಕೊಳ್ಳುವ ಪರವಾನಗಿದಾರರಿಗೆ ಕೊಡಿ. ಕೊಳಚೆ ಕೊಳೆತು ಮಣ್ಣಾದೀತು, ಸೀಸ ಕೊಳೆಯುವುದಿಲ್ಲ. ಅದು ಮಣ್ಣಿನಲ್ಲಿ ಉಳಿದು ಸೊಪ್ಪಿನ ಮೂಲಕ ನಮ್ಮ ತಟ್ಟೆಗೇ ಮರಳಬಹುದು.

ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದೆಂದು ಪ್ರವಾದಿ(ಸ) ಬೋಧಿಸಿದ್ದಾರೆ. ನದಿಯಷ್ಟು ನೀರಿದ್ದಾಗಲೂ ಮಿತಿ ಹೇಳಿದ ಧರ್ಮ ನಮ್ಮದು. ಹೀಗಿರುವಾಗ, ನದಿಯನ್ನೇ ಕೆಡಿಸಿದರೆ ನಾಳೆ ಏನು ಉತ್ತರ ಕೊಡೋಣ?

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ರಸಾಯನಶಾಸ್ತ್ರ, ಭೂವಿಜ್ಞಾನ ಓದಿ. ಇಂಜಿನಿಯರ್, ಡಾಕ್ಟರರಷ್ಟೇ ಅಗತ್ಯ ನೀರನ್ನು ಬಲ್ಲವರದು. ವೃಷಭಾವತಿಯನ್ನು ಮತ್ತೆ ನದಿ ಎಂದು ಕರೆಯುವ ದಿನವನ್ನು ನಿಮ್ಮ ಕೈಯಿಂದ ಅಲ್ಲಾಹನು ಕರುಣಿಸಲಿ. ಆಮೀನ್.