ಬಿಸಿಲು ಬೇರೆ, ಸೆಕೆ ಬೇರೆ

(ದಹಿಸರಿನಲ್ಲಿ ನಡೆದ ಕಾರ್ಮಿಕರ ರಾತ್ರಿ ಸಭೆಯಲ್ಲಿ ಮಾಡಿದ ಭಾಷಣ)



ಗಂಟೆ ಹನ್ನೊಂದು ಹೊಡೆಯಿತು. ಭಟ್ಟಿ ಆರಿಸಿ, ಮೋರಿ ತೊಳೆದು, ಅಂಗಿಯ ಬೆವರು ಆರುವ ಮುಂಚೆಯೇ ಬಂದು ಕೂತಿದ್ದೀರಿ. ಈ ಬೇಸಗೆಯ ಹವೆ ಹೇಗಿದ್ದೀತು ಎಂದು ನಾಲ್ಕು ಮಾತು ಹೇಳಲು ಅಧ್ಯಕ್ಷರ ಅಪ್ಪಣೆಯಾಗಿದೆ. ನಾವು ಶಾಸ್ತ್ರ ಓದಿದವರಲ್ಲ. ಏಳನೆಯ ಇಯತ್ತೆ ಮುಗಿಸಿ ಕಪ್ಪುಬಸಿ ತೊಳೆಯಲು ಮುಂಬಯಿಗೆ ಬಂದವರು. ಆದರೆ ಹವಾಮಾನ ಇಲಾಖೆಯವರು ಹೇಳುವುದನ್ನು ಭಟ್ಟಿಯ ಮುಂದಿನ ಅನುಭವದೊಡನೆ ಹಲವು ವರ್ಷ ತಾಳೆ ನೋಡಿದ್ದೇವೆ. ಎರಡೂ ಒಂದಕ್ಕೊಂದು ಕೂಡುವುದಿಲ್ಲ. ಯಾಕೆ ಕೂಡುವುದಿಲ್ಲ ಎಂಬುದೇ ಇಂದಿನ ಮಾತು.

ಇಲಾಖೆಯವರು ಫೆಬ್ರವರಿಯ ಕೊನೆಗೊಮ್ಮೆ, ಮಾರ್ಚ್ ಕೊನೆಗೊಮ್ಮೆ ಬೇಸಗೆಯ ಮುನ್ನೋಟ ಹೇಳುತ್ತಾರೆ. ಈ ಸಲ ಕಾವು ವಾಡಿಕೆಗಿಂತ ಹೆಚ್ಚೋ ಕಡಿಮೆಯೋ, ಅಷ್ಟೇ. ಯಾವ ದಿನ ಎಂಬುದು ಅದರಲ್ಲಿಲ್ಲ. ದಿನದ ಮಾತಿಗೆ ಬೇರೆ ಎಚ್ಚರಿಕೆ ಉಂಟು: ಹಸಿರು, ಹಳದಿ, ಕಿತ್ತಳೆ, ಕೆಂಪು.

ಈ ಕಾವು ಎಲ್ಲಿಂದ ಬರುತ್ತದೆ? ನಮ್ಮ ದಹಿಸರಿನ ಮೂಡಲಿಗೆ ರಾಷ್ಟ್ರೀಯ ಉದ್ಯಾನದ ಗುಡ್ಡ, ಪಡುವಲಿಗೆ ಖಾಡಿ. ಆದರೆ ನಮ್ಮ ಬೇಸಗೆಯನ್ನು ನಡೆಸುವುದು ಇನ್ನೂ ದೂರದ ಎರಡು ಸೀಮೆ. ಒಂದು ಸಹ್ಯಾದ್ರಿ, ಇನ್ನೊಂದು ರಾಜಸ್ಥಾನದ ಮರುಭೂಮಿ. ಮಾರ್ಚ್ ತಿಂಗಳಲ್ಲಿ ಘಟ್ಟದಾಚೆಯ ಒಳನಾಡು ಕಾಯುತ್ತದೆ. ಅಲ್ಲಿಯ ಒಣಗಾಳಿ ಘಟ್ಟ ಇಳಿಯುವಾಗ ಮತ್ತಷ್ಟು ಕಾದು ನಮ್ಮ ಮೇಲೆ ಬೀಸಿ, ಕಡಲ ಗಾಳಿಯನ್ನು ಮಧ್ಯಾಹ್ನ ದಾಟುವವರೆಗೆ ತಡೆದು ನಿಲ್ಲಿಸುತ್ತದೆ. ಮುಂಬಯಿ ನಿಜವಾಗಿ ಉರಿಯುವುದು ಅಂಥ ದಿನಗಳಲ್ಲಿ. 1956ರ ಮಾರ್ಚ್ 28ರಂದು ಸಾಂತಾಕ್ರೂಜಿನಲ್ಲಿ 41.7 ಡಿಗ್ರಿ ಆಗಿತ್ತು.

ಮೇ ಹೊತ್ತಿಗೆ ಆಟ ಬದಲಾಗುತ್ತದೆ. ಮರುಭೂಮಿಯ ಗಾಳಿ ಕಾದು ಹಗುರಾಗಿ ಮೇಲೇಳುತ್ತದೆ. ಆ ತೆರವಿನ ಕಡೆಗೆ ಕಡಲ ಗಾಳಿ ನುಗ್ಗುತ್ತದೆ. ಮಳೆಗಾಲವನ್ನು ಎಳೆದು ತರುವ ಕಾರಣಗಳಲ್ಲಿ ಇದೂ ಒಂದು. ಕಡಲ ಗಾಳಿ ಬಂದರೆ ಡಿಗ್ರಿ ಇಳಿಯುತ್ತದೆ, ತೇವ ಏರುತ್ತದೆ. ಪತ್ರಿಕೆಯಲ್ಲಿ ನೋಡಿದರೆ 33, 34. ಓದಿದವನು ‘ಪರವಾಗಿಲ್ಲ’ ಎನ್ನುತ್ತಾನೆ.

ಇಲ್ಲಿದೆ ಮೋಸ. ನಮ್ಮ ಕನ್ನಡದಲ್ಲಿ ಬಿಸಿಲಿಗೆ ಒಂದು ಮಾತು, ಸೆಕೆಗೆ ಇನ್ನೊಂದು ಮಾತು ಇರುವುದು ಸುಮ್ಮನೆ ಅಲ್ಲ. ಉಡುಪಿ, ಕುಂದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಜಯಪುರದ ಕಡೆಯವರು ಮಣ್ಣಿನ ಮಡಕೆಯನ್ನು ನೆನೆದುಕೊಳ್ಳಿ. ಅಲ್ಲಿಯ ಒಣ ಬೇಸಗೆಯಲ್ಲಿ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಅದೇ ಮಡಕೆಯನ್ನು ಮೇ ತಿಂಗಳಲ್ಲಿ ದಹಿಸರಿನ ಚಾಳಿನಲ್ಲಿಡಿ, ನೀರು ಉಗುರುಬೆಚ್ಚಗೇ ಇರುತ್ತದೆ. ಮಡಕೆಯ ಮೈಗೆ ಜಿನುಗಿದ ನೀರು ಆರಿದರೆ ತಾನೇ ಒಳಗೆ ತಂಪು? ನಮ್ಮ ಮೈಯೂ ಹಾಗೆಯೇ. ಬೆವರು ಸುರಿದರೆ ಸಾಲದು, ಆರಬೇಕು. ಗಿರಣಿಯ ಹಿರಿಯರಿಗೆ ಇದು ಗೊತ್ತು. ನೂಲು ಕಡಿಯಬಾರದೆಂದು ಮಗ್ಗದ ಖಾತೆಯಲ್ಲಿ ಹವೆಯನ್ನು ಬೇಕೆಂದೇ ತೇವವಾಗಿ ಇಡುತ್ತಿದ್ದರು. ನೂಲಿಗೆ ಸುಖ, ನೇಯುವವನಿಗೆ ಉಸಿರುಗಟ್ಟು.

ಕೆಲವು ವರ್ಷಗಳ ಹಿಂದೆ ನಾವು ಕೆಲಸಕ್ಕಿದ್ದ ಒಂದು ಹೋಟೆಲಿಗೆ ಸಿಂದಗಿಯ ಕಡೆಯ ಹುಡುಗನೊಬ್ಬ ಬಂದ. ಗಟ್ಟಿ ಆಳು. “ನಮ್ಮೂರಾಗ ನಲವತ್ತೆರಡು ಡಿಗ್ರಿ ಬಿಸಲಾಗ ಹೊಲಾ ಹೊಡದೀನಿ, ನಿಮ್ಮ ಮೂವತ್ನಾಕು ನನಗೇನ್ ಮಾಡ್ತದ?” ಎಂದು ನಗುತ್ತಿದ್ದ. ನಾವೂ ನಕ್ಕೆವು. ಬಂದ ಮೊದಲ ದಿನದಿಂದಲೇ ದೋಸೆ ಕಾವಲಿಯ ಮುಂದೆ ಇಡೀ ಪಾಳಿ. ಐದನೆಯ ದಿನ ಮೂರು ಗಂಟೆಯ ಹೊತ್ತಿಗೆ ಅವನು ಹಿಟ್ಟೇ ಇಲ್ಲದ ಕಾವಲಿಯನ್ನು ಕೆರೆಯತೊಡಗಿದ. ಏನೋ ಎಂದರೆ ಎತ್ತಿನ ಹೆಸರು ಹಿಡಿದು ಕರೆದ. ಹಿಡಿದುಕೊಳ್ಳುವಷ್ಟರಲ್ಲಿ ಬಿದ್ದಿದ್ದ. ಮೂರ್ಛೆರೋಗವೆಂದು ಯಾರೋ ಕೈಗೆ ಕಬ್ಬಿಣದ ಸಟ್ಟುಗ ಕೊಟ್ಟರು; ಸೋಡಾ ಕುಡಿಸಿ ಎಂದು ಗಲ್ಲಾದಿಂದ ಧಣಿಗಳ ಮಾತು ಬಂತು. ಮುಟ್ಟಿದರೆ ಮೈ ಕೆಂಡ. ಹಣ್ಣಿನ ರಸದ ಕಟ್ಟೆಯಿಂದ ಬರ್ಫ ತಂದು ಸುರಿದು ರಿಕ್ಷಾದಲ್ಲಿ ಒಯ್ದೆವು. ಜೀವ ಉಳಿಯಿತು. ಊರಿಗೆ ಹೋದವನು ಮತ್ತೆ ಬರಲಿಲ್ಲ. ಆ ದಿನದ ಉಷ್ಣತೆ 34, ವಾಡಿಕೆಯಷ್ಟೇ. ತಪ್ಪು ಧಣಿಗಳದೊಂದೇ ಅಲ್ಲ. ಪಕ್ಕದಲ್ಲಿ ನಿಂತ ನಮ್ಮದೂ ಹೌದು.

ಇಲಾಖೆಯ ಉಷ್ಣಮಾಪಕ ಎಲ್ಲಿರುತ್ತದೆ ಬಲ್ಲಿರಾ? ಬಯಲಿನಲ್ಲಿ, ಎದೆಯೆತ್ತರದಲ್ಲಿ, ಸುತ್ತ ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನೊಳಗೆ. ಶಾಸ್ತ್ರಕ್ಕೆ ಅದೇ ಸರಿ. ಆದರೆ ಆ ಪೆಟ್ಟಿಗೆಯಲ್ಲಿ ನಾವು ದೋಸೆ ಹುಯ್ಯುವುದಿಲ್ಲ. ಒಂದು ಕಡೆಯ ಅಳತೆ ಇನ್ನೊಂದು ಕಡೆಗೆ ಹೊಂದದು ಎಂಬುದಕ್ಕೆ 2005ರ ಜುಲೈ 26 ಸಾಕ್ಷಿ: ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ, ಕೊಲಾಬಾದಲ್ಲಿ ನೂರು ಕೂಡ ಇಲ್ಲ. ಇನ್ನು ಕರಾವಳಿಯಲ್ಲಿ ‘ಬಿಸಿಗಾಳಿ’ ಎಂದು ಸಾರಬೇಕಾದರೆ ಉಷ್ಣತೆ 37 ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಏರಿರಬೇಕು. ಮೇ ತಿಂಗಳ ನಮ್ಮ ಸೆಕೆ ಈ ಲೆಕ್ಕಕ್ಕೆ ಸಿಕ್ಕುವುದು ಅಪರೂಪ. ಅವರು ಸುಮ್ಮನಿದ್ದಾರೆಂದಲ್ಲ, ಕೊಂಕಣಕ್ಕೆ ‘ಬಿಸಿ ಮತ್ತು ತೇವದ ಹವೆ’ ಎಂದು ಹಳದಿ ಎಚ್ಚರಿಕೆ ಕೊಡುತ್ತಾರೆ. ಹಳದಿಯೆಂದು ನಾವೇ ಅದನ್ನು ಕಡೆಗಣಿಸುತ್ತೇವೆ. ಅಡಿಗೆಮನೆಯವನಿಗೆ ಹಳದಿಯೇ ಕೆಂಪು ಎಂದು ತಿಳಿಯಿರಿ.

ಹೊಸ ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆದ್ದರಿಂದ ಊರಿಂದ ಬಂದ ಹೊಸಬನಿಗೆ ಮೊದಲ ವಾರ ಭಟ್ಟಿಯ ಮುಂದೆ ಪೂರ್ತಿ ಪಾಳಿ ಕೊಡಬಾರದು. ಇದು ನಮ್ಮ ಮೊದಲ ಬೇಡಿಕೆ. ಎರಡನೆಯದು, ಕಾವಲಿಯವನಿಗೂ ಬೋಂಡಾ ಕರಿಯುವವನಿಗೂ ಗಂಟೆಗೊಮ್ಮೆ ಹೊರಗಿನ ಗಾಳಿ. ಮೂರನೆಯದು ನೀರು. ಕೂಲರಿನ ನೀರು ಗಿರಾಕಿಗೆ, ನಳದ ನೀರು ನಮಗೆ ಎಂಬ ಪದ್ಧತಿ ಹೋಗಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಬೇಸಗೆಗೆ ತಣ್ಣೀರು ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿತ್ತು. ಅದು 250ಕ್ಕೂ ಹೆಚ್ಚು ಆಳುಗಳಿದ್ದಲ್ಲಿಗೆ. ಹತ್ತಾಳಿನ ಹೋಟೆಲಿನಲ್ಲಿ ನಾವೇ ಕೇಳಿ ಪಡೆಯಬೇಕು. ಬಹಳ ಬೆವರಿದವನಿಗೆ ಒಂದು ಲೀಟರು ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾದ ಸಣ್ಣ ಚಮಚದ ಅಳತೆ. ಮಾತು ತೊದಲಿದರೆ, ಮೈ ಕೆಂಡವಾದರೆ ಕುಡಿಸುತ್ತ ಕೂರಬೇಡಿ. ನೀರು ಸುರಿಯಿರಿ, ಕುತ್ತಿಗೆಗೆ, ಕಂಕುಳಿಗೆ ಬರ್ಫ ಇಡಿ, ಆಸ್ಪತ್ರೆಗೆ ಓಡಿ.

ಮಳೆಯ ಮಾತು ಒಂದು ಉಳಿಯಿತು. ಮುಂಬಯಿಗೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 11. ನಮ್ಮ ಹಿರಿಯರ ಲೆಕ್ಕಕ್ಕೆ ಮೃಗಶಿರ. ಆದರೆ 2025ರಲ್ಲಿ ಮೇ 26ಕ್ಕೇ, ರೋಹಿಣಿ ಆಗತಾನೆ ಹುಟ್ಟಿದಾಗ, ಬಂದುಬಿಟ್ಟಿತು. ತಾಡಪತ್ರಿ ಹೊದಿಸಲು ಜೂನ್ ಮೊದಲ ವಾರ ನೋಡೋಣ ಎಂದಿದ್ದವರು ನೆನೆದರು. ಈ ಸಲ ಮೇ ಹದಿನೈದರೊಳಗೆ ಮಾಡು ಸರಿಮಾಡಿಕೊಳ್ಳಿ.

ಕೊನೆಗೆ ಕೆಲಸದ ಮಾತು. ಸಂಘದಿಂದ ಆರು ಉಷ್ಣಮಾಪಕ, ಆರು ನೋಟುಬುಕ್ಕು ತರಿಸಿದ್ದೇವೆ. ಅಡಿಗೆಮನೆಯಲ್ಲಿ ಭಟ್ಟಿಯಿಂದ ನಾಲ್ಕು ಮೊಳ ದೂರ, ತಲೆಯೆತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿ. ದಿನಾ ಮೂರು ಗಂಟೆಗೆ ಅಂಕಿ ಬರೆಯಿರಿ. ಪಕ್ಕದಲ್ಲಿ ಅದೇ ದಿನ ಇಲಾಖೆ ಹೇಳಿದ ಅಂಕಿ. ಯಾರಿಗಾದರೂ ತಲೆಸುತ್ತು ಬಂದರೆ ಅದನ್ನೂ ಬರೆಯಿರಿ. ಮೇ ಕೊನೆಯಲ್ಲಿ ಧಣಿಗಳ ಮುಂದೆ ಕೂರುವಾಗ ಆ ಪುಸ್ತಕಗಳು ನಮ್ಮ ಕೈಯಲ್ಲಿರಬೇಕು. ಯಾವ ಆರು ಹೋಟೆಲಿನವರು ಒಯ್ಯುತ್ತೀರಿ, ಕೈ ಎತ್ತಿ. ಹೆಸರು ಬರೆಸಿದ ಮೇಲೆ ಕೊನೆಯ ಲೋಕಲ್ ಹಿಡಿಯುವವರು ಹೊರಡಬಹುದು.