ಹಸುಗೂಸಿನ ಕೋಣೆಯ ನೈರ್ಮಲ್ಯ

(ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಕವಿ ಕಾವ್ಯಗಳ ಮಾತು, ಗಡಿನಾಡಿನ ಶಾಲೆಗಳ ಮಾತು ನಡೆಯುವುದು ವಾಡಿಕೆ. ಅಂತಹ ವೇದಿಕೆಯ ಮೇಲೆ ನಿಂತು ಮಗುವಿನ ಲಂಗೋಟಿಯ ವಿಚಾರವನ್ನೆತ್ತಿದರೆ ಸಭಿಕರಲ್ಲಿ ಕೆಲವರು ನಕ್ಕಾರು, ಕೆಲವರು ಮೂಗು ಮುಚ್ಚಿಯಾರು. ವಿಷಯವನ್ನು ನೀವೇ ಆರಿಸಿಕೊಳ್ಳಿರೆಂದು ಕಾರ್ಯದರ್ಶಿಗಳು ಹೇಳಿದಾಗ ನಾವೂ ಎರಡು ದಿನ ಹಿಂಜರಿದೆವು. ಆದರೆ ಕೂಸು ಬದುಕಿ ಬೆಳೆದರಲ್ಲವೇ ಅದರ ಬಾಯಿಗೆ ಕನ್ನಡ ಬರುವುದು?

ಇನ್ನೊಂದು ಕಾರಣವೂ ಉಂಟು. ಸೆಟ್ಟೂರಿನ ಸುತ್ತಿನಲ್ಲಿ ಆಸ್ಪತ್ರೆಯ ಗೋಡೆಯ ಮೇಲೂ, ಮಗುವಿನ ಲಸಿಕೆಯ ಕಾರ್ಡಿನ ಮೇಲೂ ಇರುವ ಬರಹ ತೆಲುಗಿನದು. ಅದರಲ್ಲಿ ತಪ್ಪೇನೂ ಇಲ್ಲ. ಅದು ಈ ರಾಜ್ಯದ ನುಡಿ. ತೆಲುಗಿನಲ್ಲಿ ಮಾತನಾಡುವುದು ನಮಗೆ ಕಷ್ಟವೂ ಅಲ್ಲ. ಓದುವುದೊಂದೇ ಕಷ್ಟ. ಚಳ್ಳಕೆರೆ, ಪಾವಗಡದ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳಿಗಂತೂ ಆ ಗೋಡೆಯ ಬರಹ ಬರಿಯ ಚಿತ್ರ. ಆದುದರಿಂದ ಅಲ್ಲಿ ಬರೆದಿರುವುದರಲ್ಲಿ ಒಂದು ಭಾಗವನ್ನಾದರೂ ನಮ್ಮ ನುಡಿಯಲ್ಲಿ ಹೇಳುವುದು ಈ ಸಂಘದ ಕೆಲಸವೇ ಆಗಿದೆಯೆಂದು ನಾವು ತಿಳಿದಿದ್ದೇವೆ.

ನಮ್ಮ ಮನೆಯಲ್ಲಿಯೇ ನಡೆದುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದಿನ ಬೇಸಗೆ. ಮನೆಯ ಹಿರಿಯ ಹುಡುಗನಿಗೆ ಭೇದಿ ಹತ್ತಿ ಎರಡು ದಿನದಲ್ಲಿ ನಿಂತಿತು. ಮೂರನೆಯ ದಿನ ಎಂಟು ತಿಂಗಳ ಕೂಸಿಗೆ ಹತ್ತಿತು. ನೀರು ಕುಡಿಸಿದರೆ ಭೇದಿ ಹೆಚ್ಚುವುದೆಂದು ಅಜ್ಜಿ ನೀರನ್ನು ತಡೆದರು, ನಾವೂ ಸುಮ್ಮನಿದ್ದೆವು. ಸಂಜೆಯ ಹೊತ್ತಿಗೆ ಕೂಸಿನ ನೆತ್ತಿ ಕುಳಿಬಿದ್ದಿತು; ಅಳುತ್ತಿದ್ದರೂ ಕಣ್ಣಲ್ಲಿ ನೀರಿಲ್ಲ. ರಾತ್ರಿ ಆಟೋ ಹಿಡಿದು ಕಲ್ಯಾಣದುರ್ಗಕ್ಕೆ ಓಡಿದೆವು. ಕೂಸು ಉಳಿಯಿತು. ಮರುದಿನ ಬೆಳಗ್ಗೆ ಅಲ್ಲಿಯ ದಾದಿಯೊಬ್ಬರು ಪಕ್ಕದಲ್ಲಿ ಕುಳಿತು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ಕೂಸಿನ ಬಟ್ಟೆ ತೆಗೆದವರು ಯಾರು, ರಾಗಿ ಸರಿ ಕಲಸಿದವರು ಯಾರು?” ಎರಡೂ ನಮ್ಮದೇ ಕೈ. ನಡುವೆ ಆ ಕೈಯನ್ನು ಸೀರೆಯ ಸೆರಗಿಗೆ ಒರಸಿಕೊಂಡಿದ್ದೆವು; ಅಷ್ಟೇ.

ಆ ಪ್ರಶ್ನೆಯ ಬಳಿಕ ನಾವು ನಮ್ಮ ಮನೆಯ ಕೋಣೆಯನ್ನು ಹೊಸ ಕಣ್ಣಿನಿಂದ ನೋಡತೊಡಗಿದೆವು. ಮೂಲೆಯಲ್ಲಿ ಒದ್ದೆ ಲಂಗೋಟಿಗಳ ಗುಡ್ಡೆ. ಅದರ ಮೇಲೆ ಕುಳಿತ ನೊಣ ಎದ್ದು ಒಳಲೆಯ ಮೇಲೆ ಕೂರುತ್ತಿತ್ತು. ಹಳೆಯ ಸೀರೆಯಿಂದ ಕಟ್ಟಿದ ಜೋಲಿ ನಾಲ್ಕು ಸಲ ನೆನೆದು ನಾಲ್ಕು ಸಲ ತಾನಾಗಿಯೇ ಒಣಗಿತ್ತು. ಕೂಸಿನ ಅಡಿ ಒರಸಿದ ಸೆರಗಿನಿಂದಲೇ ಅಣ್ಣನ ಮೂಗನ್ನು ಒರಸುತ್ತಿದ್ದೆವು. ಕೋಣೆಯಲ್ಲಿ ವಾಸನೆ ಬಂದಿತೆಂದರೆ ಸಾಂಬ್ರಾಣಿ ಹಾಕುತ್ತಿದ್ದೆವು. ಹೊಗೆಯು ವಾಸನೆಯನ್ನು ಮುಚ್ಚುತ್ತದೆ, ಕೊಳೆಯನ್ನು ತೆಗೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೂಸಿನ ಎಳೆಯ ಶ್ವಾಸಕೋಶಕ್ಕೆ ಅದೊಂದು ಹೊಸ ತೊಂದರೆ.

ಇಷ್ಟಾಗಿಯೂ ನಮ್ಮದು ಮಡಿ ಮೈಲಿಗೆಗಳನ್ನು ಬಿಡದೆ ನಡೆಸುವ ಮನೆ! ಇಲ್ಲಿಯೇ ನಾವು ಹೇಳಬೇಕೆಂದು ಬಂದ ಮಾತಿದೆ. ಮಡಿಯೆಂಬುದು ಬೇರೆ, ಶುಚಿಯೆಂಬುದು ಬೇರೆ. ಹೆತ್ತ ತಾಯಿಗೆ ಮೈಲಿಗೆಯೆನ್ನುತ್ತೇವೆ. ಹತ್ತು ದಿನ ಅವಳನ್ನು ಮುಟ್ಟುವುದಿಲ್ಲ. ಆದರೆ ಅವಳಿಂದ ಯಾರಿಗೂ ರೋಗ ಬಾರದು. ಕೂಸಿನ ಮಲಕ್ಕೆ ಮಾತ್ರ ಹೇಸಿಗೆಯಿಲ್ಲ, ಅದು ಬರೀ ಹಾಲಿನದು, ಎನ್ನುತ್ತೇವೆ. ಮನೆಯವರಿಗೆಲ್ಲ ರೋಗವನ್ನು ಹಂಚಬಲ್ಲದ್ದು ಅದೇ. ಗಡಿಯ ಈಚೆಗೂ ಆಚೆಗೂ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಿಲಿನಲ್ಲಿರಿಸುವ ಪದ್ಧತಿಯನ್ನು ತಾವೆಲ್ಲ ಬಲ್ಲಿರಿ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹಾಗೆ ಇರಿಸಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಪತ್ರಿಕೆಯಲ್ಲಿ ಅದನ್ನೋದಿ ನಾವೆಲ್ಲ ಮರುಗಿದೆವು, ಅವರನ್ನು ಬೈದೆವು. ಆದರೆ ಲಂಗೋಟಿ ಹಿಂಡಿದ ಕೈಯಲ್ಲಿ ಸರಿ ಕಲಸಿದ ನಾವು ಯಾರನ್ನು ಬೈಯುವ ಅಧಿಕಾರವುಳ್ಳವರು?

ಮಲದಲ್ಲಿರುವುದೇನೆಂಬುದನ್ನು ಸ್ವಲ್ಪ ಹೇಳಬೇಕು. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ರೂತ್ ಬಿಷಪ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನಲ್ಲಿ ಒಂದು ವೈರಾಣುವನ್ನು ಕಂಡುಹಿಡಿದರು. ಚಕ್ರದಂತೆ ಕಾಣುವುದರಿಂದ ಅದಕ್ಕೆ ರೋಟಾ ವೈರಸ್ ಎಂಬ ಹೆಸರು ಬಂದಿತು. ಭೇದಿ ಹತ್ತಿದ ಕೂಸಿನ ಒಂದು ಚಿಟಿಕೆ ಮಲದಲ್ಲಿ ಅದು ಕೋಟಿಗಟ್ಟಲೆ ಇರುತ್ತದೆ. ಇನ್ನೊಂದು ಮಗುವನ್ನು ಕೆಡವಲು ಅದರಲ್ಲಿ ಎಳ್ಳಿನ ಮೊನೆಯಷ್ಟೂ ಬೇಡ. ಕೈಯ ಮೇಲೆ ಗಂಟೆಗಟ್ಟಲೆ, ಮಂಚದ ಪಟ್ಟಿ, ಗಿಲಕಿ, ಬಾಗಿಲ ಚಿಲಕದಂತಹ ವಸ್ತುಗಳ ಮೇಲೆ ದಿನಗಟ್ಟಲೆ ಅದು ಬದುಕಿರಬಲ್ಲದು. ಕಣ್ಣಿಗೆ ಕೋಣೆ ಚೊಕ್ಕಟವಾಗಿ ಕಂಡರೆ ಸಾಲದೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಬಟ್ಟೆ ಬದಲಾಯಿಸಲು ಕೋಣೆಯಲ್ಲಿ ಒಂದೇ ಒಂದು ಜಾಗವನ್ನು ಗೊತ್ತುಮಾಡಿ. ನಮ್ಮ ಮನೆಗಳಲ್ಲಿ ಕೂಸಿಗೆಂದು ಬೇರೆ ಕೋಣೆ ಇರುವುದಿಲ್ಲ. ಕೋಣೆಯ ಒಂದು ಮೂಲೆಯೇ ಅದರ ಕೋಣೆ. ಎಲ್ಲೆಂದರಲ್ಲಿ ಕೂಸನ್ನು ಮಲಗಿಸಿ ಬಟ್ಟೆ ಬಿಚ್ಚಿದರೆ ಮನೆಯೆಲ್ಲ ಬಚ್ಚಲಾಗುತ್ತದೆ. ನೀರಿನ ಬಿಂದಿಗೆ, ಹಾಲು, ಅಡಿಗೆಯ ಸಾಮಾನು ಇವುಗಳಿಂದ ದೂರವಿರುವ ಮೂಲೆಯಲ್ಲಿ ಒಂದು ರಬ್ಬರ್ ಹಾಸು, ಅದರ ಮೇಲೊಂದು ಒಗೆದ ಬಟ್ಟೆ. ಕೂಸನ್ನು ಮಲಗಿಸುವ ಮುನ್ನವೇ ಚೊಂಬಿನಲ್ಲಿ ಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆಯ ತುಂಡು, ಒಣ ಲಂಗೋಟಿ, ಮುಚ್ಚಳವಿರುವ ಬಕೆಟ್ಟು, ಎಲ್ಲವೂ ಕೈಗೆಟುಕುವಂತಿರಬೇಕು. ಬಟ್ಟೆ ಬಿಚ್ಚಿದ ಮೇಲೆ ಹುಡುಕಾಡಿದರೆ ಕೊಳೆಯಾದ ಕೈ ಹತ್ತು ಕಡೆ ತಾಗುತ್ತದೆ. ಎತ್ತರದ ಮಂಚವಾದರೆ ಒಂದು ಕೈ ಸದಾ ಕೂಸಿನ ಮೇಲಿರಲಿ. ಮಗ್ಗುಲಾಗದ ಕೂಸು ಯಾವ ಗಳಿಗೆಯಲ್ಲಿ ಮಗ್ಗುಲಾದೀತೋ ಹೇಳಬರುವುದಿಲ್ಲ.

ಒರಸುವುದು ಮುಂದಿನಿಂದ ಹಿಂದಕ್ಕೆ. ಹೆಣ್ಣುಕೂಸಿನ ವಿಷಯದಲ್ಲಿ ಇದನ್ನು ಮರೆಯಲೇಬಾರದು. ಇಲ್ಲವಾದರೆ ಮೂತ್ರದ್ವಾರಕ್ಕೆ ಸೋಂಕು ತಗಲುತ್ತದೆ. ಒರಸಿದ ಮೇಲೆ ತೇವವಾರಲು ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಪೌಡರನ್ನು ಧಾರಾಳವಾಗಿ ಉದುರಿಸುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಆ ಹುಡಿ ಕೂಸಿನ ಉಸಿರಿನೊಡನೆ ಒಳಹೋಗುತ್ತದೆ.

ಬಟ್ಟೆಗೆ ಅಂಟಿದ ಮಲವನ್ನು ಬಹುಮಂದಿ ಬೀದಿಯ ಚರಂಡಿಗೋ ತಿಪ್ಪೆಗೋ ಹಾಕುತ್ತಾರೆ. 2014ರಿಂದೀಚೆಗೆ ಸ್ವಚ್ಛ ಭಾರತ ಯೋಜನೆಯಲ್ಲಿ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಕಕ್ಕಸು ಬಂದಿತು. ದೊಡ್ಡವರು ಅಲ್ಲಿಗೆ ಹೋಗುತ್ತಾರೆ, ಕೂಸಿನದು ಮಾತ್ರ ತಿಪ್ಪೆಗೆ ಹೋಗುತ್ತದೆ! ಅದನ್ನೂ ಕಕ್ಕಸಿಗೇ ಸುರಿಯಬೇಕು. ಬಳಿಕ ಲಂಗೋಟಿಯನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ನೆನೆಯಿಸಿ, ಒಗೆದು, ನೇರ ಬಿಸಿಲಿನಲ್ಲಿ ಒಣಗಿಸಬೇಕು. ಅನಂತಪುರ ಜಿಲ್ಲೆಗೆ ಮಳೆಯ ಬಡತನವುಂಟು, ಬಿಸಿಲಿನ ಬಡತನವಿಲ್ಲ. ದೃಷ್ಟಿ ತಾಕುವುದೆಂದು ಕೂಸಿನ ಬಟ್ಟೆಯನ್ನು ಕತ್ತಲ ಕೋಣೆಯ ಹಗ್ಗದ ಮೇಲೆ ಹರವುವವರು ಈ ಮಾತನ್ನು ಗಮನಿಸಬೇಕು.

ಇತ್ತೀಚೆಗೆ ಅಂಗಡಿಯ ಡಯಪರ್ ಹಳ್ಳಿಗೂ ಬಂದಿದೆ. ಪ್ರಯಾಣದಲ್ಲಿ, ರಾತ್ರಿಯ ನಿದ್ರೆಗೆ ಅದು ಉಪಕಾರಿಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದರೊಳಗಿನ ಹುಡಿ ನೀರನ್ನು ಹೀರಿ ಲೋಳೆಯಾಗುತ್ತದೆ. ಆದುದರಿಂದ ಮೇಲೆ ಒಣಗಿದಂತೆ ಕಾಣುತ್ತದೆ. ಹಾಗೆ ಕಾಣುವುದೇ ಮೋಸ. ದುಡ್ಡು ಉಳಿಯಲೆಂದು ದಿನವಿಡೀ ಒಂದನ್ನೇ ತೊಡಿಸಿದರೆ ಕೂಸಿನ ತೊಡೆಸಂದಿಯೆಲ್ಲ ಕೆಂಪೇರಿ ಹುಣ್ಣಾಗುತ್ತದೆ. ಬಿಚ್ಚಿದುದನ್ನು ಹಾಗೆಯೇ ಬಿಸಾಡಿದರೆ ನಾಯಿಗಳು ಎಳೆದಾಡಿ ಬೀದಿಗೆಲ್ಲ ಹರಡುತ್ತವೆ. ಮಲವನ್ನು ಕಕ್ಕಸಿಗೆ ಕೊಡವಿ, ಡಯಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ ಕಸದ ಗಾಡಿಗೆ ಬೇರೆಯಾಗಿಯೇ ಕೊಡಬೇಕು. 2016ರ ಘನತ್ಯಾಜ್ಯ ನಿಯಮಗಳೂ ಸುತ್ತಿಕೊಡಬೇಕೆಂದೇ ಹೇಳಿದವು. ಕಕ್ಕಸಿನ ಗುಂಡಿಗೆ ಹಾಕಿದರೆ ಉಬ್ಬಿ ಕಟ್ಟಿಕೊಳ್ಳುತ್ತದೆ. ಸುಡುವುದಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಮೇಲಾದುದು ಕೈ ತೊಳೆಯುವುದು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದೊಡನೆ, ಬೇರೇನನ್ನೂ ಮುಟ್ಟುವ ಮೊದಲು, ಎರಡೂ ಕೈಗಳನ್ನು ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯಬೇಕು. ಸೋಪಿನಿಂದ ಕೈ ತೊಳೆಯುವ ಅಭ್ಯಾಸವೊಂದರಿಂದಲೇ ಭೇದಿ ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗುವುದೆಂದು ಬೇರೆ ಬೇರೆ ದೇಶಗಳಲ್ಲಿ ಮಾಡಿದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಇಲ್ಲಿ ತಾಯಂದಿರು ಏನು ಹೇಳುವರೆಂಬುದು ನಮಗೆ ಗೊತ್ತು: ನೀರೆಲ್ಲಿ? ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು; ಬೇಸಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಟ್ಯಾಂಕರಿಗಾಗಿ ಬಿಂದಿಗೆಗಳನ್ನು ಸಾಲಾಗಿಟ್ಟು ಕಾದವರು ನಾವೂ ಹೌದು. ಆದರೆ ಕೈ ತೊಳೆಯಲು ಬೇಕಾದದ್ದು ಅರ್ಧ ಚೊಂಬು. ಪ್ಲಾಸ್ಟಿಕ್ ಶೀಸೆಯೊಂದರ ಮುಚ್ಚಳಕ್ಕೆ ದಬ್ಬಳದಿಂದ ಎರಡು ತೂತು ಕೊರೆದು ಬಚ್ಚಲ ಬಾಗಿಲಿಗೆ ತಲೆಕೆಳಗಾಗಿ ತೂಗುಹಾಕಿ, ಒತ್ತಿದರೆ ಸಣ್ಣ ಎಳೆಯಾಗಿ ನೀರು ಬರುತ್ತದೆ. ನಮ್ಮ ಮನೆಯಲ್ಲಿ ಒಂದು ಶೀಸೆ ನೀರು ಮಧ್ಯಾಹ್ನದವರೆಗೆ ಸಾಕಾಗುತ್ತದೆ. ಕೆಳಗೆ ಬಿದ್ದ ನೀರು ಕರಿಬೇವಿನ ಗಿಡದ ಪಾಲು.

ಇಷ್ಟೆಲ್ಲ ಎಚ್ಚರದಿಂದಿದ್ದರೂ ಒಮ್ಮೊಮ್ಮೆ ಭೇದಿ ಹತ್ತುವುದುಂಟು. ಆಗ ನಮ್ಮಂತೆ ನೀರನ್ನು ತಡೆಯಬೇಡಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಾಲನಬೀಸರು ಉಪ್ಪು, ಗ್ಲೂಕೋಸು, ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು ಜನರಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡ ಬಳಿಕ ಸರಕಾರ ಪದ್ಮವಿಭೂಷಣವನ್ನು ಕೊಟ್ಟಿತು, ಇದ್ದಾಗಲೇ ಕೊಡಬಹುದಾಗಿತ್ತು. ಆ ನೀರೇ ಇಂದಿನ ಓ.ಆರ್.ಎಸ್. ಪೊಟ್ಟಣ. ಆಶಾ ಕಾರ್ಯಕರ್ತೆಯರ ಬಳಿ ಕೇಳಿದರೆ ದೊರೆಯುತ್ತದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ. ಒಂದು ದಿನ ಕಳೆದರೆ ಉಳಿದುದನ್ನು ಚೆಲ್ಲಿ ಹೊಸದಾಗಿ ಕಲಸಿ. ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ, ಎದೆಹಾಲನ್ನೂ ನಿಲ್ಲಿಸದೆ ಕೊಡುತ್ತಿರಬೇಕು. ಕೂಸು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ರೋಟಾ ವೈರಸ್ಸಿಗೆ ಬಾಯಿಯ ಮೂಲಕ ಕೊಡುವ ಲಸಿಕೆಯೂ ಉಂಟು. 2016ರಲ್ಲಿ ಇದನ್ನು ಸರಕಾರಿ ಲಸಿಕೆಗಳ ಸಾಲಿಗೆ ಸೇರಿಸಿದಾಗ ದೇಶದಲ್ಲಿ ಮೊದಲು ಆರಿಸಿಕೊಂಡ ನಾಲ್ಕು ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಕಾರ್ಡಿನ ಬರಹ ತಿಳಿಯದಿದ್ದರೆ ನಮ್ಮ ಕನ್ನಡ ಶಾಲೆಯ ಮಕ್ಕಳಲ್ಲಿ ತೆಲುಗು ಓದಬಲ್ಲವರಿದ್ದಾರೆ, ಅವರಿಂದ ಓದಿಸಿಕೊಳ್ಳಿ.

ಮುಂದಿನ ಸಾಲಿನಲ್ಲಿ ಕುಳಿತಿರುವ ಗಂಡಸರು ಈ ಭಾಷಣ ತಮಗಲ್ಲವೆಂಬಂತೆ ಮೇಲಿನ ಫ್ಯಾನನ್ನು ನೋಡುತ್ತಿರುವುದನ್ನು ನಾವು ಗಮನಿಸಿದ್ದೇವೆ. ಲಂಗೋಟಿ ಬದಲಾಯಿಸಲು ಎರಡು ಕೈಗಳಿದ್ದರೆ ಸಾಕು, ಮೀಸೆ ಅಡ್ಡಿಯಾಗುವುದಿಲ್ಲ.

ಸಭೆ ಮುಗಿದೊಡನೆ ಶಾಲೆಯ ಜಗಲಿಯ ಮೇಲೆ ರಬ್ಬರ್ ಹಾಸು, ಚೊಂಬು, ಬಕೆಟ್ಟು, ತೂತು ಕೊರೆದ ಶೀಸೆ ಎಲ್ಲವನ್ನೂ ಇರಿಸಿರುತ್ತೇವೆ. ಕೂಸುಗಳನ್ನು ಎತ್ತಿಕೊಂಡು ಬಂದಿರುವ ತಾಯಂದಿರು ಅಲ್ಲಿಗೆ ಬರಬೇಕಾಗಿ ಪ್ರಾರ್ಥನೆ; ಒಂದೆರಡು ಕೂಸುಗಳಾದರೂ ಅಷ್ಟರಲ್ಲಿ ಲಂಗೋಟಿ ಒದ್ದೆಮಾಡಿಕೊಂಡೇ ಇರುತ್ತವೆ. ಸಂಘದವರು ಎರಡು ಸೋಪುಗಳನ್ನು ತರಿಸಿಟ್ಟಿದ್ದಾರೆ.