ನಿದ್ರಾಹೀನತೆ: ಮೊಬೈಲಿನ ನೆರವು, ಪಂಚಾಯಿತಿಯ ಹೊಣೆ

ಮಾನ್ಯ ಸದಸ್ಯರೇ,

ಖಾನಾಪುರದ ಕಾಡಂಚಿನಲ್ಲಿ ಬೆಳೆ ಕಾಯುವ ರೈತನ ರಾತ್ರಿಯೆಚ್ಚರವು ದುಡಿಮೆ. ಸುಗ್ಗಿ ಮುಗಿದ ಮೇಲೂ ತಿಂಗಳುಗಟ್ಟಲೆ ನಿದ್ರೆ ಬಾರದಿದ್ದರೆ ಅದು ಕಾಯಿಲೆ. ಇದಕ್ಕೆ ಮೊದಲ ಮದ್ದು ಮಾತ್ರೆಯಲ್ಲ, ವರ್ತನಾ ಚಿಕಿತ್ಸೆ: ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ರೆ ಬಾರದಾಗ ಹಾಸಿಗೆ ಬಿಟ್ಟೇಳುವುದು, ನಿದ್ರೆಯ ದಿನಚರಿ ಬರೆಯುವುದು. ಇದನ್ನೇ ಕೆಲವು ವಾರ ಮೊಬೈಲಿನಲ್ಲಿ ಕಲಿಸುವುದು ಡಿಜಿಟಲ್ ಚಿಕಿತ್ಸೆ. ಹಲವರಲ್ಲಿ ನಿದ್ರೆಯೊಡನೆ ಹಗಲಿನ ಲವಲವಿಕೆಯೂ ನೆಮ್ಮದಿಯೂ ಮರಳುತ್ತವೆ. ಬೆಳಗಾವಿಗೆ ಪದೇ ಪದೇ ಅಲೆದು ಕೂಲಿ ಕಳೆದುಕೊಳ್ಳಬೇಕಿಲ್ಲ.

ಮೊದಲ ಹೆಜ್ಜೆಯಾಗಿ, ಬಳಲುವವರಿಂದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿರಿ. 2022ರಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲಿರುಳೂ ಕನ್ನಡದಲ್ಲಿ ಲಭ್ಯ. ಮನೆಯಲ್ಲಿ ಮೊಬೈಲ್ ಸಂಪರ್ಕ ಸಿಗದವರಿಗೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಏಕಾಂತದ ಸ್ಥಳ ಒದಗಿಸಿರಿ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಅದನ್ನು ನಿಲ್ಲಿಸಬಾರದೆಂದೂ ತಿಳಿಸಿರಿ.